ಕಲ್ಲಿದ್ದಲ ಊರಿನ ಹೆಂಗಸರು ಬೀದಿಗಿಳಿದಾಗ

ತುರ್ಕಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಇಸ್ತಾಂಬುಲ್‌ನ ಮಸೀದಿಗಳು, ಉಸ್ಮಾನಿ ಸುಲ್ತಾನರ ಅರಮನೆಗಳು. ಅದೇ ದೇಶದ ಉತ್ತರದಲ್ಲಿ, ಕಪ್ಪು ಸಮುದ್ರದ ದಡದಲ್ಲಿ ಝೊಂಗುಲ್ದಾಕ್ ಎಂಬ ಊರಿದೆ. ಕಲ್ಲಿದ್ದಲು ತೆಗೆಯುವ ಊರು. 1991ರ ಜನವರಿ 4ರಂದು ಈ ಊರಿನಿಂದ ಹತ್ತಾರು ಸಾವಿರ ಜನ ರಾಜಧಾನಿ ಅಂಕಾರಾದ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರು. ದಾರಿ ಸುಮಾರು 270 ಕಿಲೋಮೀಟರ್. ಬಸ್ಸುಗಳನ್ನು ಸರಕಾರ ತಡೆದಿತ್ತು. ಮೈ ಕೊರೆಯುವ ಚಳಿ, ಬೆಟ್ಟದ ರಸ್ತೆ. ಗಣಿ ಕಾರ್ಮಿಕರ ಜೊತೆ ಅವರ ಪತ್ನಿಯರೂ ಇದ್ದರು. ಹೆಚ್ಚಿನವರು ತಲೆವಸ್ತ್ರ ಧರಿಸಿದ, ಮನೆ ಮಕ್ಕಳನ್ನೇ ಲೋಕವೆಂದುಕೊಂಡಿದ್ದ ಸಾಮಾನ್ಯ ಗೃಹಿಣಿಯರು.

ಅಂಥವರು ಬೀದಿಗಿಳಿಯುವಂಥದ್ದು ಏನಾಗಿತ್ತು? ಅದು ತಿಳಿಯಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕು.

1829ರಲ್ಲಿ ಉಝುನ್ ಮೆಹ್ಮೆತ್ ಎಂಬ ನಾವಿಕ ಇಲ್ಲಿ ಮೊದಲ ಕಲ್ಲಿದ್ದಲನ್ನು ಕಂಡ ಎಂದು ಊರಿನವರು ಹೇಳುತ್ತಾರೆ. ಇತಿಹಾಸಕಾರರು ಈ ಕಥೆಯನ್ನು ಅಷ್ಟಾಗಿ ನಂಬುವುದಿಲ್ಲ. ಅದಿರಲಿ. 1848ರ ಹೊತ್ತಿಗೆ ಗಣಿಗಾರಿಕೆ ಶುರುವಾಗಿತ್ತು. ಸುಲ್ತಾನರ ನೌಕಾಪಡೆಗೆ ಉಗಿಹಡಗುಗಳು ಬಂದಿದ್ದವು, ಅವುಗಳ ಹೊಟ್ಟೆ ತುಂಬಿಸಲು ಕಲ್ಲಿದ್ದಲು ಬೇಕಿತ್ತು. ಆದರೆ ಹೊಲ, ತೋಟ, ದನಕರು ಇರುವ ರೈತ ಕತ್ತಲ ಸುರಂಗಕ್ಕೆ ಏಕೆ ಇಳಿಯುತ್ತಾನೆ? ಹೀಗಾಗಿ 1867ರಲ್ಲಿ ದಿಲಾವರ್ ಪಾಶಾ ಎಂಬ ಅಧಿಕಾರಿಯ ಹೆಸರಿನಲ್ಲಿ ಒಂದು ಕಾನೂನು ಬಂತು. ಸುತ್ತಲಿನ ಹಳ್ಳಿಗಳ 13ರಿಂದ 50 ವರ್ಷದೊಳಗಿನ ಗಂಡಸರು ಸರದಿಯ ಮೇಲೆ ಗಣಿಗೆ ಬರಲೇಬೇಕು! ಹದಿಮೂರು ವರ್ಷ ಎಂದರೆ ನಮ್ಮ ಮನೆಯಲ್ಲಿ ಏಳನೇ ತರಗತಿಯ ಪುಸ್ತಕ ಹಿಡಿದ ಹುಡುಗ.

ಸುಮಾರು ಎರಡು ವಾರ ಗಣಿಯಲ್ಲಿ, ಮತ್ತೆ ಅಷ್ಟೇ ದಿನ ಹಳ್ಳಿಯಲ್ಲಿ. ಇದು ಬಿಟ್ಟಿ ಚಾಕರಿಯಲ್ಲ, ಕೂಲಿ ಇತ್ತು. ಕಾರ್ಮಿಕರ ವಸತಿ, ಚಿಕಿತ್ಸೆಯ ಕುರಿತು ಕೆಲವು ಒಳ್ಳೆಯ ನಿಯಮಗಳೂ ಅದೇ ಕಾನೂನಿನಲ್ಲಿದ್ದವು. ಆದರೆ ಒಲ್ಲೆ ಎನ್ನುವ ಹಕ್ಕು ಮಾತ್ರ ಇರಲಿಲ್ಲ. ಕೂಲಿಯೂ ಎಷ್ಟೋ ಸಲ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತಿರಲಿಲ್ಲ. ಗಂಡಸರು ನೆಲದಡಿ ಇದ್ದ ದಿನಗಳಲ್ಲಿ ಉಳುವುದು, ಬಿತ್ತುವುದು, ಕೊಯ್ಯುವುದು ಎಲ್ಲವೂ ಹೆಂಗಸರ ಹೆಗಲಿಗೆ. ಗಣಿಯ ಚರಿತ್ರೆ ಬರೆದವರು ಈ ದುಡಿಮೆಯನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವುದುಂಟು. ಅವರು ಹೊಲ ನೋಡಿಕೊಳ್ಳದಿದ್ದರೆ ಒಂದು ಹಡಗೂ ಕದಲುತ್ತಿರಲಿಲ್ಲ.

ಕೂಲಿಯಾಳಿನ ಬೆವರು ಆರುವ ಮೊದಲೇ ಅವನ ಕೂಲಿ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದನ್ನು ನಾವು ಮದ್ರಸಾದಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಖಲೀಫನೆಂದು ಕರೆಸಿಕೊಂಡವರ ಆಡಳಿತದಲ್ಲೂ ಅದು ಬಾಯಿಪಾಠವಾಗಿಯೇ ಉಳಿಯಿತು. ನಮ್ಮವರ ಆಳ್ವಿಕೆಯಾಗಿತ್ತು ಎಂಬ ಕಾರಣಕ್ಕೆ ಇದನ್ನು ಮುಚ್ಚಿಡುವುದು ಸರಿಯಲ್ಲ.

1896ರಲ್ಲಿ ಫ್ರೆಂಚರ ಬಂಡವಾಳದ ಕಂಪೆನಿ ಬಂತು. ಬಂದರು ಕಟ್ಟಿತು, ಊರು ಬೆಳೆಯಿತು. 1908ರಲ್ಲಿ ಇಸ್ತಾಂಬುಲ್‌ನಲ್ಲಿ ರಾಜಕೀಯ ಬದಲಾವಣೆಯಾದಾಗ ಇಲ್ಲಿಯ ಕಾರ್ಮಿಕರೂ ಮುಷ್ಕರ ಹೂಡಿದರು. ಮೊದಲ ದೊಡ್ಡ ಪರಿಹಾರ ಸಿಕ್ಕಿದ್ದು 1921ರ ಸೆಪ್ಟೆಂಬರ್ 10ರಂದು. ಅಂಕಾರಾದ ಹೊಸ ಸಂಸತ್ತು ಆಗ ಗ್ರೀಕ್ ಸೇನೆಯ ವಿರುದ್ಧ ಸಕಾರ್ಯಾ ನದಿಯ ಬಳಿ ಅಳಿವು ಉಳಿವಿನ ಯುದ್ಧದಲ್ಲಿತ್ತು. ಅಂಥ ಹೊತ್ತಿನಲ್ಲೂ ಈ ಗಣಿ ಕಾರ್ಮಿಕರಿಗಾಗಿ ಕಾನೂನು ಮಾಡಿತು: ದಿನಕ್ಕೆ ಎಂಟು ಗಂಟೆ ಕೆಲಸ, 18 ವರ್ಷ ತುಂಬದವರು ಸುರಂಗಕ್ಕೆ ಇಳಿಯಬಾರದು, ಬಲವಂತದ ದುಡಿಮೆ ನಿಷೇಧ, ಕಾರ್ಮಿಕರಿಗೆ ಸ್ನಾನಗೃಹ.

ಆದರೆ 1940ರಲ್ಲಿ ಯುದ್ಧಕಾಲದ ನೆಪದಲ್ಲಿ ಅದೇ ಗಣರಾಜ್ಯ ಕಡ್ಡಾಯ ದುಡಿಮೆಯನ್ನು ಮರಳಿ ತಂದಿತು. ಓಡಿಹೋದವರನ್ನು ಸಿಪಾಯಿಗಳು ಹಳ್ಳಿಯಿಂದ ಹಿಡಿದು ತಂದರು. ಯುದ್ಧ 1945ರಲ್ಲಿ ಮುಗಿಯಿತು, ಕಡ್ಡಾಯ ಮುಗಿದದ್ದು 1947ರಲ್ಲಿ. 1965ರ ಮಾರ್ಚ್‌ನಲ್ಲಿ ಪಕ್ಕದ ಕೊಝ್ಲು ಗಣಿಯಲ್ಲಿ ವೇತನ ಹೆಚ್ಚಳದ ತಾರತಮ್ಯದ ವಿರುದ್ಧ ಕೆಲಸ ನಿಲ್ಲಿಸಿದವರ ಮೇಲೆ ಗುಂಡು ಹಾರಿತು. ಇಬ್ಬರು ಕಾರ್ಮಿಕರು ಸತ್ತರು.

ಈಗ ಆ ನಡಿಗೆಗೆ ಬರೋಣ. 1990ರಲ್ಲಿ ತುರ್ಕಿಯ ಹಣದುಬ್ಬರ ಶೇಕಡಾ 60ರಷ್ಟಿತ್ತು. ತಿಂಗಳ ಸಂಬಳ ತಿಂಗಳು ಮುಗಿಯುವ ಮೊದಲೇ ಕರಗುವುದು ಎಂದರೆ ಏನೆಂದು ಮನೆ ನಡೆಸುವ ನಿಮಗೆ ನಾನು ಹೇಳಬೇಕಾಗಿಲ್ಲ. ಗಣಿ ನಷ್ಟದಲ್ಲಿದೆ, ಹೊರಗಿನಿಂದ ಕಲ್ಲಿದ್ದಲು ತರಿಸುವುದೇ ಅಗ್ಗ ಎಂಬ ಮಾತು ಸರಕಾರದ ಕಡೆಯಿಂದ ಕೇಳಿಬರುತ್ತಿತ್ತು. ನವೆಂಬರ್ 30ರಂದು ಶೆಮ್ಸಿ ದೆನಿಝೆರ್ ಎಂಬ ನಾಯಕನ ಮುಂದಾಳತ್ವದಲ್ಲಿ ಸುಮಾರು 48,000 ಕಾರ್ಮಿಕರು ಮುಷ್ಕರ ಹೂಡಿದರು. ದಿನದಿನವೂ ಊರಿನಲ್ಲಿ ಮೆರವಣಿಗೆ. ಗಂಡಸರು ಕರೆಯಲಿ ಎಂದು ಹೆಂಗಸರು ಕಾಯಲಿಲ್ಲ. ಮಕ್ಕಳ ಕೈ ಹಿಡಿದುಕೊಂಡು ತಾವೇ ಬಂದರು. ಅಂಗಡಿಯವರು ಅಂಗಡಿ ಮುಚ್ಚಿ ಬೆಂಬಲಿಸಿದರು. ಒಂದು ಊರೇ ಒಂದು ಮನೆಯಂತಾಯಿತು.

ಜನವರಿ 4ರಂದು ಹೊರಟವರು ದೆವ್ರೆಕ್ ದಾಟಿ ಮೆಂಗೆನ್ ಬಳಿಗೆ ಬಂದಾಗ ಸೇನೆ, ಪೊಲೀಸರು ದಾರಿಗೆ ಅಡ್ಡ ನಿಂತಿದ್ದರು. ಜನವರಿ 8ರಂದು ನಾಯಕರು ನಡಿಗೆ ನಿಲ್ಲಿಸಿ ಜನರನ್ನು ಮನೆಗೆ ಕಳುಹಿಸಿದರು. ಅದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಗಂಡ, ಹೆಂಡತಿ, ಮಕ್ಕಳಿದ್ದ ಗುಂಪನ್ನು ಬಂದೂಕಿನ ಎದುರು ನಿಲ್ಲಿಸದಿದ್ದುದೇ ಒಳ್ಳೆಯದಾಯಿತು ಎಂದು ನನ್ನ ಅಭಿಪ್ರಾಯ. ಅಷ್ಟರಲ್ಲಿ ಕೊಲ್ಲಿ ಯುದ್ಧ ಶುರುವಾಯಿತು. ಅದೇ ನೆಪದಲ್ಲಿ ಸರಕಾರ ಮುಷ್ಕರವನ್ನು ತಡೆಹಿಡಿಯಿತು. ಫೆಬ್ರವರಿಯಲ್ಲಿ ಒಪ್ಪಂದವಾಗಿ ಸಂಬಳವೇನೋ ಏರಿತು, ಕೇಳಿದಷ್ಟಲ್ಲ. ಅಕ್ಟೋಬರ್ ಚುನಾವಣೆಯಲ್ಲಿ ಆಡಳಿತ ಪಕ್ಷ ಸೋತಿತು.

ಮರುವರ್ಷ, 1992ರ ಮಾರ್ಚ್ 3ರ ರಾತ್ರಿ, ಮನೆಮನೆಗಳಲ್ಲಿ ರಮಝಾನ್‌ನ ತಯಾರಿ ನಡೆಯುತ್ತಿದ್ದಾಗ, ಕೊಝ್ಲು ಗಣಿಯಲ್ಲಿ ಅನಿಲ ಸ್ಫೋಟಿಸಿತು. 263 ಮಂದಿ ಸತ್ತರು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಹಿಂದಿನ ವರ್ಷ ಸಂಬಳಕ್ಕಾಗಿ ಗಂಡನ ಜೊತೆ ಬೀದಿಗಿಳಿದಿದ್ದ ಊರಿನ ಹೆಂಗಸರು ಈಗ ಗಣಿಯ ಬಾಗಿಲಲ್ಲಿ ಶವಕ್ಕಾಗಿ ಕಾದರು. 2022ರ ಅಕ್ಟೋಬರ್‌ನಲ್ಲಿ ಇದೇ ಕಲ್ಲಿದ್ದಲು ಸೀಮೆಯ ಅಮಾಸ್ರಾದಲ್ಲಿ ಮತ್ತೆ ಸ್ಫೋಟ, ಮತ್ತೆ 40ಕ್ಕೂ ಹೆಚ್ಚು ಜನಾಝಾಗಳು.

ಸರಕಾರಿ ಗಣಿಗಳಲ್ಲಿ ಈಗ ಹತ್ತು ಸಾವಿರ ಕಾರ್ಮಿಕರೂ ಉಳಿದಿಲ್ಲ. ಬೆಟ್ಟಗಳ ಮರೆಯಲ್ಲಿ ಪರವಾನಗಿಯಿಲ್ಲದ ಬಿಲಗಳಲ್ಲಿ ಕದ್ದು ಅಗೆಯುವುದು ನಡೆದಿದೆ. ಅಲ್ಲಿ ಸಂಘವಿಲ್ಲ, ಹಾಜರಿ ಪುಸ್ತಕವಿಲ್ಲ. 2023ರ ನವೆಂಬರ್‌ನಲ್ಲಿ ಅಂಥ ಗಣಿಯೊಂದರಲ್ಲಿ ದುಡಿಯುತ್ತಿದ್ದ ಅಫ್ಘಾನಿ ವಲಸಿಗನೊಬ್ಬನ ಸುಟ್ಟ ಶವ ಝೊಂಗುಲ್ದಾಕ್‌ನ ಕಾಡಿನಲ್ಲಿ ಸಿಕ್ಕಿತು. ಗಣಿ ನಡೆಸುತ್ತಿದ್ದವರನ್ನು ಪೊಲೀಸರು ಬಂಧಿಸಿದರು. ಆತ ಊರು ಬಿಟ್ಟು ಅಷ್ಟು ದೂರ ಬಂದಿದ್ದು ಹೊಟ್ಟೆಪಾಡಿಗಾಗಿ.