ಕಾಳುಮೆಣಸಿನಲ್ಲೂ ಅಡಗಿರುತ್ತದೆ ರೋಗಾಣು

ಕೆಟ್ಟ ಆಹಾರವೆಂದರೆ ಹಳಸಿದ ಅನ್ನ, ಒಡೆದ ಹಾಲು, ನಾರುವ ಮೀನು ಎಂದೇ ನಮ್ಮೆಲ್ಲರ ಎಣಿಕೆ. ಒಣಗಿ ಗಟ್ಟಿಯಾದ ಕಾಳುಮೆಣಸಿನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಆದರೆ 2010ರ ಜನವರಿಯಲ್ಲಿ ಅಮೆರಿಕದ ಕಂಪನಿಯೊಂದು 5 ಲಕ್ಷ ಕಿಲೋಗೂ ಹೆಚ್ಚು ಮಾಂಸದ ತಿನಿಸನ್ನು ಅಂಗಡಿಗಳಿಂದ ವಾಪಸ್ ತರಿಸಿಕೊಳ್ಳಬೇಕಾಯಿತು. ಅದರ ಮೇಲೆ ಸವರಿದ್ದ ಮೆಣಸಿನಲ್ಲಿ ‘ಸಾಲ್ಮೊನೆಲ್ಲ’ ಎಂಬ ರೋಗಾಣು ಪತ್ತೆಯಾಗಿತ್ತು. ಕಾಯಿಲೆ ಬಿದ್ದವರು 272 ಮಂದಿ.

ಆನೇಮಹಲ್, ಸಕಲೇಶಪುರ, ಆಲೂರು ಕಡೆ ಕಾಫಿ ತೋಟದ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದವರಿಗೆ ಇದು ದೂರದ ಸುದ್ದಿಯಲ್ಲ. ಕಣದಲ್ಲಿ ಹರಡಿದ ಮೆಣಸಿನ ಮೇಲೆ ಕೋಳಿ ಕೆದಕುತ್ತದೆ, ಹಕ್ಕಿ ಇಳಿಯುತ್ತದೆ, ರಾತ್ರಿ ಇಲಿ ಓಡಾಡುತ್ತದೆ. ಅವುಗಳ ಹಿಕ್ಕೆಯಿಂದ ರೋಗಾಣು ಕಾಳಿಗೆ ಅಂಟುತ್ತದೆ. ಬಿಸಿಲಿಗೆ ಸಾಯುವುದಿಲ್ಲವೇ ಎಂದು ನೀವು ಕೇಳಬಹುದು. ಎಲ್ಲವೂ ಸಾಯುವುದಿಲ್ಲ. ಒಣ ಕಾಳಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದು, ತೇವ ಸಿಕ್ಕೊಡನೆ ಚುರುಕಾಗುತ್ತದೆ. ಕುದಿಯುವ ಸಾರಿಗೆ ಹಾಕಿದ ಮೆಣಸಿನಿಂದ ಭಯವಿಲ್ಲ. ಹಣ್ಣಿನ ಹೋಳು, ಮಜ್ಜಿಗೆಗಳ ಮೇಲೆ ಹಸಿಯಾಗಿ ಉದುರಿಸುವ ಪುಡಿಯಲ್ಲೇ ಅಪಾಯ.

ಬಿಡಿಸಿದ ಹಸಿ ಮೆಣಸನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ, ಶುಚಿಯಾದ ಚಾಪೆ ಅಥವಾ ಸಿಮೆಂಟ್ ಕಣದಲ್ಲಿ ಒಣಗಿಸಿದರೆ ರೋಗಾಣು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಕಾಳಿಗೆ ಒಳ್ಳೆಯ ಕಪ್ಪು ಬಣ್ಣವೂ ಬರುತ್ತದೆ, ಬೇಗ ಒಣಗುತ್ತದೆ. ಅರೆಬರೆ ಒಣಗಿದ್ದನ್ನು ಮೂಟೆ ಕಟ್ಟಿದರೆ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯುವುದು ಖಂಡಿತ.

ಬೂಷ್ಟಿನ ಕಥೆಯೇ ಬೇರೆ. ಬೂಷ್ಟು ಹಿಡಿದ ಕಡಲೆಕಾಯಿ, ಮುಸುಕಿನ ಜೋಳದಲ್ಲಿ ಉಂಟಾಗಬಹುದಾದ ‘ಅಫ್ಲಾಟಾಕ್ಸಿನ್’ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ವರ್ಷಗಟ್ಟಲೆ ಹೊಟ್ಟೆ ಸೇರಿದರೆ ಪಿತ್ತಜನಕಾಂಗಕ್ಕೆ ಕುತ್ತು. ಬಣ್ಣವಂತೂ ಮನುಷ್ಯನೇ ಬೆರೆಸುವ ವಿಷ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು!

ಪೊಟ್ಟಣದ ಆಹಾರಕ್ಕೆ ಒಂದು ಅನುಕೂಲವಿದೆ. 2015ರ ಜೂನ್‌ನಲ್ಲಿ ಸೀಸದ ಅಂಶ ಹೆಚ್ಚಿದೆಯೆಂದು ಮ್ಯಾಗಿ ನೂಡಲ್ಸನ್ನು ದೇಶದಾದ್ಯಂತ ವಾಪಸ್ ಪಡೆಯಲು ಆದೇಶವಾಯಿತು. ಬಾಂಬೆ ಹೈಕೋರ್ಟ್ ಆಗಸ್ಟ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿ, ಮರುಪರೀಕ್ಷೆಯಲ್ಲಿ ತೇರ್ಗಡೆಯಾಗಿ, ನವೆಂಬರ್‌ನಲ್ಲಿ ಅದು ಮತ್ತೆ ಅಂಗಡಿಗೆ ಬಂತು, ಆ ಮಾತು ಬಿಡಿ. ಪೊಟ್ಟಣದ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಇದ್ದರೆ ಮಾಲು ಎಲ್ಲಿಗೆ ಹೋಗಿದೆಯೆಂದು ಹುಡುಕಬಹುದು. ಸಂತೆಯಲ್ಲಿ ಕಾಗದಕ್ಕೆ ಕಟ್ಟಿಕೊಟ್ಟ ಬಿಡಿ ಮೆಣಸಿನ ಪುಡಿಯನ್ನು ಯಾರು ವಾಪಸ್ ಕರೆಸುತ್ತಾರೆ? ಹಾಗಾಗಿ ಇಡೀ ಕಾಳನ್ನೇ ಕೊಂಡು ಮನೆಯಲ್ಲಿ ಪುಡಿ ಮಾಡಿಕೊಳ್ಳಿ. ಪೊಟ್ಟಣ ಕೊಂಡರೆ ಪುಡಿಯನ್ನು ಡಬ್ಬಿಗೆ ಸುರಿದ ಮೇಲೂ ಅದನ್ನು ಮುಗಿಯುವವರೆಗೆ ಎಸೆಯಬೇಡಿ.

ಸಾಲ್ಮೊನೆಲ್ಲ ಹೊಟ್ಟೆ ಸೇರಿದ 6 ಗಂಟೆಯಿಂದ 6 ದಿನದೊಳಗೆ ಭೇದಿ, ಜ್ವರ, ಹೊಟ್ಟೆನುಲಿತ ಕಾಣಿಸಿಕೊಳ್ಳುತ್ತವೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಆಗಾಗ ಕುಡಿಸುತ್ತಿರಿ. ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಮಗು ಮೂತ್ರ ಮಾಡುವುದು ಕಡಿಮೆಯಾದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.