ಮೇಲು ಹಲ್ಲು, ಕೆಳ ಹಲ್ಲು

ಒಮ್ಮೆ ಉಗುಳು ನುಂಗಿ, ಹಿಂದಿನ ಹಲ್ಲುಗಳನ್ನು ಕೂಡಿಸಿ, ತುಟಿ ಸರಿಸಿ ಕನ್ನಡಿ ನೋಡಿಕೊಳ್ಳಿ. ಪೆಟ್ಟಿಗೆಗೆ ಮುಚ್ಚಳ ಕೂತಂತೆ, ಮೇಲಿನ ಹಲ್ಲುಗಳು ಕೆಳಗಿನವುಗಳ ಹೊರಗೆ ನಿಂತಿರಬೇಕು. ಈ ಕೂಡುವಿಕೆಗೆ ದಂತವೈದ್ಯರು 'ಅಕ್ಲೂಷನ್' ಎನ್ನುತ್ತಾರೆ. ಮೇಲಿನ ಬಾಚಿಹಲ್ಲು ಕೆಳಗಿನದನ್ನು ಎಷ್ಟು ಮರೆಮಾಡಿದೆ ಎಂಬುದು 'ಓವರ್‌ಬೈಟ್'. ಎಷ್ಟು ಮುಂದೆ ಚಾಚಿದೆ ಎಂಬುದು 'ಓವರ್‌ಜೆಟ್'. ಉಬ್ಬುಹಲ್ಲಿಗೆ ಓವರ್‌ಬೈಟ್ ಎನ್ನುವ ರೂಢಿಯುಂಟು. ಸರಿಯಾದ ಹೆಸರು ಎರಡನೆಯದು.

ಆದರೆ ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ವರ್ಗೀಕರಣ ಮಾಡಿದಾಗ ಅಳತೆಗೋಲಾಗಿ ಹಿಡಿದದ್ದು ಮೊದಲ ಶಾಶ್ವತ ದವಡೆಹಲ್ಲನ್ನು. ಮೇಲಿನದರ ಮುಂದಿನ ಹೊರಗೋಡು ಕೆಳಗಿನದರ ಹೊರಗೀರಿನಲ್ಲಿ ಕೂತರೆ ಒಂದನೆಯ ವರ್ಗ. ಕೆಳಗಿನದು ಹಿಂದಾದರೆ ಎರಡನೆಯದು, ಮುಂದಾದರೆ ಮೂರನೆಯದು.

ಈ ಹಲ್ಲು ಸುಮಾರು ಆರನೆಯ ವಯಸ್ಸಿಗೆ, ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ ಸದ್ದಿಲ್ಲದೆ ಹುಟ್ಟುತ್ತದೆ. ಆದ್ದರಿಂದ ಇದನ್ನೂ ಹಾಲುಹಲ್ಲೆಂದೇ ಎಣಿಸಿ, ಹುಳುಕಾದರೆ 'ಹೇಗೂ ಬೀಳುವುದು ತಾನೆ' ಎನ್ನುವ ಹಿರಿಯರಿದ್ದಾರೆ. ಬೀಳುವ ಹಲ್ಲಲ್ಲ ಇದು. ಹೋದರೆ ಮತ್ತೊಂದು ಬರುವುದಿಲ್ಲ. ತೆರವಾದ ಕಡೆಗೆ ನೆರೆಯ ಹಲ್ಲುಗಳು ವಾಲಿ ಕೂಡುವಿಕೆಯೇ ಕೆಡಬಹುದು. ನಿಮ್ಮ ಮಗುವಿಗೆ ಆರು ತುಂಬಿದೆಯೆ? ಬೆಳಕಿನಲ್ಲಿ ಬಾಯಿ ತೆರೆಸಿ, ನಡುವಿನಿಂದ ಎಣಿಸುತ್ತ ಹೋಗಿ, ಆರನೆಯದೇ ಅದು.