ತಂತಿ ಹಾಸಿದವನಿಗೇ ಕಡಿಯಲಾಗದ ಜಾಲ

ಯುದ್ಧದ ಕಥೆಗಳಲ್ಲಿ ಟ್ಯಾಂಕು, ಫಿರಂಗಿ, ವಿಮಾನಗಳಿಗೆ ಸಿಗುವ ಜಾಗ ಸಿಗ್ನಲ್ಸ್ ದಳಕ್ಕೆ ಸಿಗುವುದಿಲ್ಲ. ಕರೆಂಟ್ ಹೋದಾಗ ಮಾತ್ರ ಊರಿಗೆ ಲೈನ್‌ಮನ್ ನೆನಪಾಗುವ ಹಾಗೆ, ಸುದ್ದಿ ಮುಟ್ಟದಿದ್ದಾಗಷ್ಟೇ ಸೇನಾಪತಿಗಳಿಗೆ ಇವರ ನೆನಪು. ಕೇಬಲ್ ಎಳೆಯಬೇಕು, ಎಕ್ಸ್‌ಚೇಂಜ್ ನಡೆಸಬೇಕು, ವೈರ್‌ಲೆಸ್‌ನಲ್ಲಿ ಹೋಗುವ ಮಾತು ವೈರಿಗೆ ಅರ್ಥವಾಗದಂತೆ ಗೂಢಲಿಪಿಗೆ ಇಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ದಾರಿ ಕೆಟ್ಟರೆ ಇನ್ನೊಂದು ತಯಾರಿರಬೇಕು. ಈ ಕಸುಬಿನ ತುತ್ತತುದಿಗೆ ಏರಿದವನು, ಕೊನೆಗೆ ಆ ಕಸುಬಿನಿಂದಲೇ ಸೋತವನು ಜರ್ಮನಿಯ ಜನರಲ್ ಎರಿಕ್ ಫೆಲ್‌ಗೀಬೆಲ್.

ಹುಟ್ಟಿದ್ದು 1886ರಲ್ಲಿ, ಬ್ರೆಸ್ಲಾವ್ ಹತ್ತಿರ. ಈಗ ಅದು ಪೋಲೆಂಡಿನ ವ್ರೊಟ್ಸ್ವಾಫ್. 1905ರಲ್ಲಿ ಟೆಲಿಗ್ರಾಫ್ ಬೆಟಾಲಿಯನ್ ಸೇರಿದ. ಮೊದಲ ಮಹಾಯುದ್ಧದ ನಂತರ ಜರ್ಮನ್ ಸೇನೆ ಸಣ್ಣದಾಯಿತು, ಬಡ್ತಿ ನಿಧಾನವಾಯಿತು; ಮೇಜರ್ ಆಗಲು 1928 ಬರಬೇಕಾಯಿತು. ಆಮೇಲೆ ಮಾತ್ರ ಓಟವೇ. 1938ರ ಹೊತ್ತಿಗೆ ಸೇನೆಯ ಸಂಪರ್ಕ ವ್ಯವಸ್ಥೆಯ ಮುಖ್ಯಸ್ಥ, 1940ರಲ್ಲಿ ಸಿಗ್ನಲ್ಸ್ ದಳದ ಪೂರ್ಣ ಜನರಲ್.

ಟ್ಯಾಂಕ್ ಯುದ್ಧದ ಹೆಸರೆಲ್ಲ ಜರ್ಮನ್ ಜನರಲ್ ಗುಡೇರಿಯನ್‌ಗೆ ಹೋಯಿತು. ಅವನೂ 1914ರಲ್ಲಿ ವೈರ್‌ಲೆಸ್ ಕೇಂದ್ರವೊಂದನ್ನು ನಡೆಸಿದವನೇ ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಟ್ಯಾಂಕಿಗೆ ರೇಡಿಯೊ ಇರಬೇಕು, ಸೇನಾಪತಿ ಮುಂದೆ ಓಡಾಡುತ್ತಲೇ ಆಜ್ಞೆ ಕೊಡುವಂತಿರಬೇಕು ಎಂಬ ಅವನ ಹಟವನ್ನು ಕಾರ್ಯಕ್ಕೆ ಇಳಿಸಿದ್ದು ಫೆಲ್‌ಗೀಬೆಲ್‌ನ ದಳ. 1940ರ ಫ್ರಾನ್ಸ್ ದಂಡಯಾತ್ರೆಯ ಪ್ರಸಿದ್ಧ ಫೋಟೊ ಒಂದಿದೆ: ವಾಹನದಲ್ಲಿ ನಿಂತ ಗುಡೇರಿಯನ್, ಕೆಳಗೆ ಸಿಗ್ನಲ್ಸ್ ಹುಡುಗರು, ಅವರ ಮುಂದೆ ಗೂಢಲಿಪಿಯ ಎನಿಗ್ಮಾ ಯಂತ್ರ. ಎನಿಗ್ಮಾವನ್ನು ಸೇನೆಯಲ್ಲಿ ಬೇರೂರಿಸಿದವರಲ್ಲಿ ಫೆಲ್‌ಗೀಬೆಲ್ ಮುಖ್ಯ. ಪೋಲೆಂಡಿನ ಗಣಿತಜ್ಞ ರೆಯೆಫ್‌ಸ್ಕಿ 1932ರ ಕೊನೆಯಲ್ಲೇ ಅದರ ಗುಟ್ಟು ಬಿಡಿಸಿದ್ದ, ಮುಂದೆ ಬ್ರಿಟಿಷರು ಬ್ಲೆಚ್ಲಿ ಪಾರ್ಕ್‌ನಲ್ಲಿ ಕೂತು ಅದರ ಸಂದೇಶಗಳನ್ನು ಓದುತ್ತಿದ್ದರು. ಜರ್ಮನರು ಮಾತ್ರ ಕೊನೆಯವರೆಗೂ ಅದನ್ನು ನಂಬಿಕೊಂಡಿದ್ದರು.

ನಾಜಿಗಳ ಬಗ್ಗೆ ಫೆಲ್‌ಗೀಬೆಲ್‌ನಿಗಿದ್ದ ತಿರಸ್ಕಾರ ಹಿಟ್ಲರನಿಗೂ ತಿಳಿಯದ್ದೇನಲ್ಲ. ಆದರೂ ಇಷ್ಟು ಬಲ್ಲ ಇನ್ನೊಬ್ಬನಿಲ್ಲವೆಂದು ಇಟ್ಟುಕೊಂಡಿದ್ದ. ಹಾಗೆಂದು ಫೆಲ್‌ಗೀಬೆಲ್‌ನನ್ನು ಪೂಜಿಸಬೇಕಾಗಿಲ್ಲ. ಯುರೋಪನ್ನು ತುಳಿದ ಸೇನೆಯ ಆಜ್ಞೆಗಳು ಓಡಿದ್ದು ಅವನ ತಂತಿಗಳ ಮೇಲೆಯೇ.

1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲುವ ಸಂಚಿನಲ್ಲಿ ಅವನ ಪಾಲಿಗೆ ಬಂದದ್ದು ತಲೆಕೆಳಗಾದ ಕೆಲಸ. ಬಾಂಬ್ ಸಿಡಿದ ಕೂಡಲೇ ಪೂರ್ವ ಪ್ರಷ್ಯದ ಕಾಡಿನಲ್ಲಿದ್ದ ಹಿಟ್ಲರನ ಠಾಣ್ಯ, ಅಂದರೆ 'ತೋಳದ ಗವಿ', ಹೊರಲೋಕಕ್ಕೆ ಮೂಕವಾಗಬೇಕು. ಬಾಂಬ್ ಇಟ್ಟುಬಂದ ಷ್ಟೌಫೆನ್‌ಬೆರ್ಗ್ ಮಧ್ಯಾಹ್ನ 12:40ರ ಸುಮಾರಿಗೆ ಸ್ಫೋಟ ಕೇಳಿಸಿಕೊಂಡದ್ದು ಇವನ ಪಕ್ಕದಲ್ಲೇ ನಿಂತು. ಅವನು ಬರ್ಲಿನ್ನಿಗೆ ಹಾರಿದ. ಸ್ವಲ್ಪ ಹೊತ್ತಿಗೆ ಹಿಟ್ಲರ್ ಜೀವಂತ ನಡೆದುಬರುವುದನ್ನು ಫೆಲ್‌ಗೀಬೆಲ್ ಕಣ್ಣಾರೆ ಕಂಡ. ಬರ್ಲಿನ್ನಿನಲ್ಲಿದ್ದ ತನ್ನ ಕೈಕೆಳಗಿನ ಅಧಿಕಾರಿ ಫ್ರಿಟ್ಸ್ ಟೀಲೆಗೆ ಫೋನಿನಲ್ಲಿ ತಿಳಿಸಿದ್ದು ಇಷ್ಟೆ: ಭಯಂಕರವಾದದ್ದು ನಡೆದಿದೆ, ಫ್ಯೂರರ್ ಬದುಕಿದ್ದಾನೆ. ಬರ್ಲಿನ್ ಗೊಂದಲಕ್ಕೆ ಬಿತ್ತು. ಸಂಚುಕೋರರು ಅಲ್ಲಿಂದ ಹೂಡಬೇಕಿದ್ದ ದಂಗೆಯ ಆಜ್ಞೆಗಳು ಹೊರಟಿದ್ದು ಸಂಜೆ ನಾಲ್ಕರ ಹೊತ್ತಿಗೆ.

ಲೈನುಗಳನ್ನೇನೋ ಅವನು ತಡೆಸಿದ. ವಿಚಿತ್ರವೆಂದರೆ ಸ್ಫೋಟದ ಸುದ್ದಿ ಹೊರಬೀಳದಿರಲೆಂದು ಹಿಟ್ಲರನ ಕಡೆಯವರಿಗೂ ಅದೇ ಬೇಕಿತ್ತು! ಆ ತಡೆ ಉಳಿಯುವುದು ಮಾತ್ರ ಸಾಧ್ಯವಿರಲಿಲ್ಲ. ಒಂದು ಎಕ್ಸ್‌ಚೇಂಜ್ ಸತ್ತರೆ ಇನ್ನೊಂದು ಎತ್ತಿಕೊಳ್ಳುವಂತೆ ಕಟ್ಟಿದ್ದವನು ಅವನೇ. ಸಂಜೆ ದಂಗೆಕೋರರ ಆಜ್ಞೆಗಳೂ ಹಿಟ್ಲರನ ಠಾಣ್ಯದ ಪ್ರತಿ ಆಜ್ಞೆಗಳೂ ಒಂದೇ ಟೆಲಿಪ್ರಿಂಟರ್ ಜಾಲದಲ್ಲಿ ಹರಿದವು. ಏಳರ ಸುಮಾರಿಗೆ, ನಾಜಿ ಪ್ರಚಾರ ಮಂತ್ರಿ ಗೊಬೆಲ್ಸ್‌ನನ್ನು ಬಂಧಿಸಲು ಹೋಗಿದ್ದ ಮೇಜರ್ ರೆಮರ್‌ನ ಕೈಗೆ ಗೊಬೆಲ್ಸ್ ಫೋನ್ ಕೊಟ್ಟ. ಆ ಕಡೆ ಹಿಟ್ಲರನ ದನಿ. ರೆಮರ್ ತಿರುಗಿಬಿದ್ದ, ಬರ್ಲಿನ್ನಿನ ದಂಗೆ ಮುಗಿಯಿತು. ಸಂಚುಕೋರರ ಧೈರ್ಯ ಕಡಿಮೆಯಾಯಿತೆಂದು ಬರೆಯುವವರು ಈ ಒಂದು ಫೋನ್ ಕರೆಯನ್ನು ಸಾಕಷ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನನಗನ್ನಿಸುತ್ತದೆ.

ಆ ರಾತ್ರಿಯೇ ಫೆಲ್‌ಗೀಬೆಲ್‌ನ ಬಂಧನವಾಯಿತು. ವಾರಗಟ್ಟಲೆ ಚಿತ್ರಹಿಂಸೆ, ಆಗಸ್ಟ್ 10ಕ್ಕೆ ಮರಣದಂಡನೆಯ ತೀರ್ಪು. ಅವನ ಕುರ್ಚಿಗೆ ಬಂದವನು ಅದೇ ಟೀಲೆ. ಅಧಿಕಾರ ವಹಿಸಿಕೊಂಡು ಹಳೆಯ ಯಜಮಾನನನ್ನು ಬಹಿರಂಗವಾಗಿ ಖಂಡಿಸಿಯೂ ಬಿಟ್ಟ. ಪ್ರಯೋಜನವಾಗಲಿಲ್ಲ. ಸೆಪ್ಟೆಂಬರ್ 4ರಂದು ಬರ್ಲಿನ್ನಿನ ಪ್ಲೋಟ್ಸೆನ್‌ಸೇ ಜೈಲಿನಲ್ಲಿ ಇಬ್ಬರಿಗೂ ನೇಣಾಯಿತು. ಬವೇರಿಯಾದ ಪೋಕಿಂಗ್‌ನಲ್ಲಿ ಜರ್ಮನ್ ಸೇನೆ ತನ್ನ ಸಿಗ್ನಲ್ಸ್ ಶಾಲೆಯ ಬ್ಯಾರಕ್ಸ್‌ಗೆ ಮುಂದೆ ಇಟ್ಟ ಹೆಸರು ಫೆಲ್‌ಗೀಬೆಲ್‌ನದು.